ಮಾಂಸಾಹಾರಿಗಳ ವಂಶದಲ್ಲಿ ಸಸ್ಯಾಹಾರ: ಹಕ್ಕಿಗಳಿಗೆ ಹತ್ತಿರದ ಡೈನೊಸಾರ್‌ಗಳ ಆಹಾರ ವಿಕಾಸ

ಡೈನೊಸಾರ್‌ಗಳಲ್ಲಿ ಎರಡೇ ಕಾಲಿನ ಮೇಲೆ ನಡೆಯುತ್ತಿದ್ದ, ಮೂಲತಃ ಮಾಂಸ ತಿಂದು ಬದುಕುತ್ತಿದ್ದ ಗುಂಪಿಗೆ ಥೆರೊಪಾಡ್ ಎಂದು ಹೆಸರು. ಅಮೆರಿಕದ ಓತ್ನಿಯಲ್ ಮಾರ್ಷ್ ಅವರು 1881ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಟಿರಾನೊಸಾರಸ್, ವೆಲಾಸಿರ್ಯಾಪ್ಟರ್, ಗುಜರಾತಿನಲ್ಲಿ ಸಿಕ್ಕ ರಾಜಾಸಾರಸ್ ಇವೆಲ್ಲ ಇದೇ ಗುಂಪಿಗೆ ಸೇರಿದವು. ಇಂದಿನ ಗಿಳಿ, ಪಾರಿವಾಳ, ನವಿಲುಗಳೂ ಈ ವಂಶದಲ್ಲೇ ಹುಟ್ಟಿದವು. ಥೆರೊಪಾಡ್‌ಗಳೊಳಗೆ ಹಕ್ಕಿಗಳಿಗೆ ತೀರ ಹತ್ತಿರವಾದ ಶಾಖೆಗಳನ್ನು ಒಟ್ಟಾಗಿ ಸೀಲುರೊಸಾರ್ ಎಂದು ಕರೆಯುತ್ತಾರೆ. ಗರಿ, ಮಡಚಬಲ್ಲ ಮಣಿಕಟ್ಟು ಮುಂತಾದ ಹಕ್ಕಿಯ ಲಕ್ಷಣಗಳು ಹಂತಹಂತವಾಗಿ ಮೂಡಿದ್ದು ಇವುಗಳಲ್ಲೇ.

ಥೆರೊಪಾಡ್ ಎಂದರೆ ಬೇಟೆಗಾರ ಪ್ರಾಣಿ ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಬಹುಭಾಗ ಗಟ್ಟಿಯಾಗಿತ್ತು. ಕಳೆದ ಕೆಲವು ದಶಕಗಳ ಸಂಶೋಧನೆ ಅದನ್ನು ಬದಲಿಸಿದೆ. ಸೀಲುರೊಸಾರ್‌ಗಳ ಹಲವು ಶಾಖೆಗಳು ಒಂದರ ಹಂಗು ಇನ್ನೊಂದಕ್ಕಿಲ್ಲದಂತೆ ಸೊಪ್ಪು, ಕಾಯಿ, ಬೀಜಗಳ ಕಡೆಗೆ ತಿರುಗಿದವು. ಹಾಗೆ ತಿರುಗಿದಾಗ ಅವುಗಳ ದೇಹದಲ್ಲಿ ಆದ ಮಾರ್ಪಾಡುಗಳು ಮಾತ್ರ ಒಂದನ್ನೊಂದು ಬಹುವಾಗಿ ಹೋಲುತ್ತವೆ. ಪ್ರಾಣಿ ಏನು ತಿನ್ನುತ್ತಿತ್ತು ಎಂಬುದನ್ನು ಅದರ ವಂಶ ನೋಡಿ ಹೇಳಲಾಗದು, ದೇಹವನ್ನು ಓದಿ ಹೇಳಬೇಕು ಎಂಬುದೇ ಈ ಸಂಶೋಧನೆಗಳ ಒಟ್ಟು ಸಾರ. ಈ ಚರಿತ್ರೆಗೆ ಸೇರುವ ಒಂದು ಸಣ್ಣ, ಮಹತ್ವದ ಸಾಕ್ಷಿ ಚೆನ್ನೈನಿಂದ ತಿರುಚಿರಾಪಳ್ಳಿಗೆ ಹೋಗುವ ರೈಲುದಾರಿಯಲ್ಲಿರುವ ಅರಿಯಲೂರಿನ ಸೀಮೆಯಲ್ಲಿ ದೊರೆತಿದೆ.

ಆಹಾರಕ್ಕೆ ಸಾಕ್ಷಿ ಎಲ್ಲಿಂದ?

ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಪ್ರಾಣಿಯ ಆಹಾರವನ್ನು ತಿಳಿಯಲು ಎರಡು ಬಗೆಯ ಸಾಕ್ಷ್ಯಗಳಿವೆ. ಮೊದಲನೆಯದು ನೇರ ಸಾಕ್ಷ್ಯ. ಚೀನಾದ ಸಿನೊಸಾರೊಪ್ಟೆರಿಕ್ಸ್‌ನ ಹೊಟ್ಟೆಯ ಭಾಗದಲ್ಲಿ ಹಲ್ಲಿಯ ಅಸ್ಥಿಪಂಜರ ಸಿಕ್ಕಿದೆ. ಅದು ಮಾಂಸ ತಿನ್ನುತ್ತಿತ್ತು ಎನ್ನಲು ಬೇರೆ ಪುರಾವೆ ಬೇಕಿಲ್ಲ. ಹೊಟ್ಟೆಯೊಳಗೆ ಉಳಿದ ಬೀಜಗಳು, ಕಲ್ಲಾಗಿ ಮಾರ್ಪಟ್ಟ ಲದ್ದಿ, ಆಹಾರವನ್ನು ಅರೆಯಲೆಂದು ನುಂಗಿದ ಹರಳುಕಲ್ಲುಗಳು ಕೂಡ ಈ ವರ್ಗಕ್ಕೆ ಸೇರುತ್ತವೆ.

ಕಲ್ಲಾದ ಲದ್ದಿ ಎಷ್ಟು ಹೇಳಬಲ್ಲದು ಎಂಬುದಕ್ಕೆ ಭಾರತದ್ದೇ ಉದಾಹರಣೆಯಿದೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದುರಾ ಎಂಬಲ್ಲಿ ದೊರೆತ ಲದ್ದಿಯ ಪಳೆಯುಳಿಕೆಗಳನ್ನು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಲದ್ದಿಯಲ್ಲಿ ಹುಲ್ಲಿನ ಜೀವಕೋಶಗಳಲ್ಲಿ ಕಟ್ಟಿಕೊಳ್ಳುವ ಸಿಲಿಕಾ ಕಣಗಳಿದ್ದವು. ಡೈನೊಸಾರ್‌ಗಳು ಹುಲ್ಲನ್ನೂ ಮೇಯುತ್ತಿದ್ದವು, ಹುಲ್ಲಿನ ಕುಲ ಅಷ್ಟು ಹಿಂದೆಯೇ ಕವಲೊಡೆದಿತ್ತು ಎಂಬ ಎರಡು ಸಂಗತಿಗಳು ಅದರಿಂದ ಒಟ್ಟಿಗೇ ತಿಳಿದವು. ಆ ಲದ್ದಿ ಉದ್ದ ಕುತ್ತಿಗೆಯ ಭಾರಿ ಸಸ್ಯಾಹಾರಿಗಳಾದ ಸಾರೊಪಾಡ್‌ಗಳದ್ದೆಂದು ತಿಳಿಯಲಾಗಿದೆ.

ಎರಡನೆಯದು ಪರೋಕ್ಷ ಸಾಕ್ಷ್ಯ: ಹಲ್ಲಿನ ಆಕಾರ, ದವಡೆಯ ಬಾಗು, ಕುತ್ತಿಗೆಯ ಉದ್ದ, ಸೊಂಟದ ಅಗಲ. ಮಾಂಸ ಕತ್ತರಿಸುವ ಹಲ್ಲು ಹಿಂದಕ್ಕೆ ಬಾಗಿ, ಚಪ್ಪಟೆಯಾಗಿ, ಅಂಚಿನಲ್ಲಿ ಸಣ್ಣ ಮೊನಚುಗಳ ಸಾಲು ಹೊಂದಿರುತ್ತದೆ. ಸೊಪ್ಪು ಹರಿಯುವ ಹಲ್ಲು ಗಿಡ್ಡವಾಗಿ ಎಲೆಯ ಆಕಾರದಲ್ಲಿರುತ್ತದೆ, ಅಂಚಿನ ಮೊನಚುಗಳು ದಪ್ಪ. ಸಸ್ಯದ ನಾರನ್ನು ಅರಗಿಸಲು ಹೆಚ್ಚು ಹೊತ್ತು ಬೇಕು. ಅದಕ್ಕೆ ಉದ್ದವಾದ ಕರುಳು, ಅದನ್ನು ಹಿಡಿಸಲು ವಿಶಾಲವಾದ ಹೊಟ್ಟೆ ಬೇಕು. ಕರುಳು ಪಳೆಯುಳಿಕೆಯಾಗಿ ಉಳಿಯುವುದು ತೀರ ಅಪರೂಪ. ಆದರೆ ಅಗಲವಾದ ಪಕ್ಕೆಲುಬು, ಸೊಂಟದ ಮೂಳೆಗಳು ಅದರ ಗಾತ್ರದ ಸುಳಿವು ಕೊಡುತ್ತವೆ.

ಈ ಎರಡು ಬಗೆಯ ಸಾಕ್ಷ್ಯಗಳನ್ನು ಜೋಡಿಸುವ ಕೆಲಸವನ್ನು ಲಿಂಡ್ಸೆ ಝಾನೊ ಮತ್ತು ಪೀಟರ್ ಮಕೋವಿಕಿ ಮಾಡಿದರು. 2011ರಲ್ಲಿ ಮುದ್ರಣಗೊಂಡ ಅವರ ಅಧ್ಯಯನ 90 ಥೆರೊಪಾಡ್ ಪ್ರಭೇದಗಳನ್ನು ಪರಿಶೀಲಿಸಿತು. ಹೊಟ್ಟೆಯ ಬೀಜ, ಲದ್ದಿ, ಅರೆಯುವ ಕಲ್ಲುಗಳಂಥ ನೇರ ಪುರಾವೆ ಇರುವ ಪ್ರಾಣಿಗಳಲ್ಲಿ ಪದೇ ಪದೇ ಕಾಣುವ ದೇಹಲಕ್ಷಣಗಳು ಯಾವುವು ಎಂದು ಸಂಖ್ಯಾಶಾಸ್ತ್ರದ ನೆರವಿನಿಂದ ಹುಡುಕಿದಾಗ ಸುಮಾರು ಎರಡು ಡಜನ್ ಲಕ್ಷಣಗಳು ಸಿಕ್ಕವು. ದವಡೆಯ ಮುಂತುದಿಯಲ್ಲಿ ಹಲ್ಲಿಲ್ಲದಿರುವುದು, ಎಲೆಯಾಕಾರದ ಹಲ್ಲು, ಕೆಳಕ್ಕೆ ಬಾಗಿದ ಕೆಳದವಡೆ, ಉದ್ದವಾದ ಕುತ್ತಿಗೆ ಅವುಗಳಲ್ಲಿ ಕೆಲವು. ನೇರ ಪುರಾವೆ ಇಲ್ಲದ ಪ್ರಾಣಿಗಳಲ್ಲೂ ಈ ಲಕ್ಷಣಗಳನ್ನು ಹುಡುಕಿದಾಗ ಆರು ಮುಖ್ಯ ಶಾಖೆಗಳ 44 ಪ್ರಭೇದಗಳು ಸಸ್ಯ ತಿನ್ನುತ್ತಿದ್ದವೆಂದು ಕಂಡಿತು. ಹಕ್ಕಿಗಳಿಗೆ ಹತ್ತಿರದ ಗುಂಪುಗಳಲ್ಲಿ ಬರಿಯ ಮಾಂಸವನ್ನೇ ನೆಚ್ಚಿದ ಬೇಟೆಗಾರರೇ ಅಪವಾದವಾಗಿರಬಹುದು ಎಂಬ ತೀರ್ಮಾನ ಅಲ್ಲಿಂದ ಹೊರಟಿತು.

ಥೆರಿಝಿನೊಸಾರ್‌ಗಳು: ಅತಿ ದೂರ ಸಾಗಿದ ಶಾಖೆ

ಸಸ್ಯಾಹಾರದ ಕಡೆಗೆ ಎಲ್ಲರಿಗಿಂತ ದೂರ ಸಾಗಿದವು ಥೆರಿಝಿನೊಸಾರ್‌ಗಳು. ಇವುಗಳ ಮೊದಲ ಪಳೆಯುಳಿಕೆ 1948ರಲ್ಲಿ ಮಂಗೋಲಿಯದ ಮರುಭೂಮಿಯಲ್ಲಿ ಸಿಕ್ಕಿತು. ಅರ್ಧ ಮೀಟರಿಗೂ ಉದ್ದವಾದ ಆ ಉಗುರಿನ ಮೂಳೆಗಳನ್ನು ಕಂಡ ಸೋವಿಯತ್ ವಿಜ್ಞಾನಿ ಯೆವ್ಗೆನಿ ಮಾಲೆಯೆವ್, ಅವು ಆಮೆಯನ್ನು ಹೋಲುವ ಯಾವುದೋ ಭಾರಿ ಸರೀಸೃಪದವು ಎಂದು ಭಾವಿಸಿ 1954ರಲ್ಲಿ ಥೆರಿಝಿನೊಸಾರಸ್ ಎಂದು ಹೆಸರಿಟ್ಟರು. ಮುಂದೆ 1979ರಲ್ಲಿ ಸೆಗ್ನೊಸಾರಸ್, ಮರುವರ್ಷ ಎರ್ಲಿಕೊಸಾರಸ್ ವರ್ಣಿತವಾದವು. ಕೊಕ್ಕು, ಎಲೆಯಾಕಾರದ ಹಲ್ಲು, ಅಗಲವಾದ ಸೊಂಟ, ನಾಲ್ಕು ಬೆರಳೂರುವ ಪಾದ ಇದ್ದ ಈ ಪ್ರಾಣಿಗಳು ಯಾವ ಗುಂಪಿಗೆ ಸೇರಬೇಕೆಂಬುದೇ ಬಗೆಹರಿಯಲಿಲ್ಲ. ಇವು ಸಾರೊಪಾಡ್‌ಗಳ ಸಂಬಂಧಿಗಳೆಂದು ವಾದಿಸಿದವರೂ ಇದ್ದರು.

1993ರಲ್ಲಿ ವರ್ಣಿತವಾದ ಆಲ್ಕ್ಸಾಸಾರಸ್ ಇವು ಥೆರೊಪಾಡ್‌ಗಳೇ ಎಂದು ತೋರಿಸಿತು. 1999ರಲ್ಲಿ ಚೀನಾದಿಂದ ಬಂದ ಬೇಪಿಯಾವೊಸಾರಸ್‌ನ ಮೈಮೇಲೆ ಗರಿಯಂಥ ಎಳೆಗಳಿದ್ದವು. 2005ರಲ್ಲಿ ಅಮೆರಿಕದ ಯೂಟಾ ರಾಜ್ಯದ ಫಲ್ಕೇರಿಯಸ್ ನಡುವಿನ ಹಂತವನ್ನು ತೋರಿಸಿತು. ಡೈನೊಸಾರ್‌ಗಳ ಕೊನೆಯ ಯುಗವಾದ ಕ್ರಿಟೇಷಿಯಸ್‌ನ ಆರಂಭದ ಈ ಪ್ರಾಣಿಗೆ ಬೇಟೆಗಾರನ ಹಗುರ ಕಾಲುಗಳು ಇನ್ನೂ ಉಳಿದಿದ್ದವು. ಹಲ್ಲುಗಳು ಆಗಲೇ ಎಲೆಯಾಕಾರಕ್ಕೆ ಬಂದಿದ್ದವು, ಸೊಂಟ ಅಗಲವಾಗತೊಡಗಿತ್ತು, ಕುತ್ತಿಗೆ ನೀಳವಾಗಿತ್ತು. ಬಾಯಿ ಮತ್ತು ಹೊಟ್ಟೆ ಮೊದಲು ಮಾರ್ಪಟ್ಟು ಓಟದ ಕಾಲುಗಳು ನಿಧಾನವಾಗಿ ಭಾರ ಹೊರುವ ಕಾಲುಗಳಾದವು ಎಂಬ ಕ್ರಮ ಇದರಿಂದ ಸ್ಪಷ್ಟವಾಯಿತು. ಮುಂದಿನ ಥೆರಿಝಿನೊಸಾರ್‌ಗಳಲ್ಲಿ ಸೊಂಟದ ಕೆಳಮೂಳೆ ಹಿಂದಕ್ಕೆ ತಿರುಗಿ, ಕಾಲುಗಳ ನಡುವೆ ದೊಡ್ಡ ಕರುಳಿಗೆ ಜಾಗ ಬಿಟ್ಟುಕೊಟ್ಟಿತು.

ಕೊಕ್ಕಿನ ಉಪಯೋಗವೇನು ಎಂಬ ಪ್ರಶ್ನೆಗೂ ಉತ್ತರ ಇದೇ ಗುಂಪಿನಿಂದ ಬಂದಿದೆ. ಸ್ಟೀಫನ್ ಲೌಟೆನ್‌ಶ್ಲೇಗರ್ ಮತ್ತು ಸಂಗಡಿಗರು ಎರ್ಲಿಕೊಸಾರಸ್‌ನ ತಲೆಬುರುಡೆಯ ಕಂಪ್ಯೂಟರ್ ಮಾದರಿ ಮಾಡಿ 2013ರಲ್ಲಿ ಪರೀಕ್ಷಿಸಿದರು. ಬುರುಡೆಯ ಮುಂತುದಿಗೆ ಕೆರಾಟಿನ್ ಹೊದಿಕೆ ಸೇರಿಸಿದಾಗ ಕಚ್ಚುವಾಗಿನ ಒತ್ತಡ ಕಡಿಮೆಯಾಯಿತು. ಕೊಂಬು, ಉಗುರುಗಳನ್ನು ಕಟ್ಟುವ ವಸ್ತುವೇ ಕೆರಾಟಿನ್. ಹಲ್ಲು ಕಳೆದುಕೊಂಡು ಕೊಕ್ಕು ಪಡೆದದ್ದು ದೇಹದ ತೂಕ ಇಳಿಸಲು ಎಂಬುದು ಹಳೆಯ ವಿವರಣೆ. ಕೊಕ್ಕು ಬುರುಡೆಗೆ ಭದ್ರತೆ ಕೊಡುತ್ತಿತ್ತು ಎಂಬ ವಿವರಣೆ ಅದಕ್ಕಿಂತ ಹೆಚ್ಚು ಹೊಂದುತ್ತದೆ.

ಆರ್ನಿಥೊಮೈಮೊಸಾರ್‌ಗಳು: ಹಲ್ಲಿನ ಕೆಲಸ ಕಲ್ಲಿಗೆ

ಉಷ್ಟ್ರಪಕ್ಷಿಯ ಮೈಕಟ್ಟಿನ ಆರ್ನಿಥೊಮೈಮೊಸಾರ್‌ಗಳು ಎರಡನೆಯ ದೊಡ್ಡ ಗುಂಪು. ಸ್ಪೇನಿನಲ್ಲಿ ದೊರೆತು 1994ರಲ್ಲಿ ವರ್ಣಿತವಾದ ಪೆಲೆಕನಿಮೈಮಸ್‌ಗೆ ಸುಮಾರು 220 ಪುಟ್ಟ ಹಲ್ಲುಗಳಿದ್ದವು. ಆಮೇಲೆ ಬಂದ ಗ್ಯಾಲಿಮೈಮಸ್‌ನಂಥ ಪ್ರಭೇದಗಳಿಗೆ ಹಲ್ಲೇ ಇರಲಿಲ್ಲ, ಕೊಕ್ಕು ಮಾತ್ರವಿತ್ತು. ಹಲ್ಲಿಲ್ಲದ ಪ್ರಾಣಿ ನಾರುಳ್ಳ ಸೊಪ್ಪನ್ನು ಹೇಗೆ ನುರಿಸುತ್ತಿತ್ತು? ಚೀನಾದ ಆರ್ನಿಥೊಮೈಮಿಡ್ ಅಸ್ಥಿಪಂಜರಗಳ ಪಕ್ಕೆಲುಬಿನೊಳಗೆ ಹರಳುಕಲ್ಲುಗಳ ಗುಂಪು ಇರುವುದನ್ನು ಯೋಶಿತ್ಸುಗು ಕೊಬಾಯಾಶಿ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದರು. ಕಾಳು ತಿನ್ನುವ ನಾಟಿಕೋಳಿ ಸಣ್ಣ ಕಲ್ಲುಗಳನ್ನು ನುಂಗಿ, ಗಟ್ಟಿ ಸ್ನಾಯುವಿನ ಜಠರದಲ್ಲಿ ಬೀಸುಕಲ್ಲಿನಲ್ಲಿ ಅರೆದಂತೆ ಆಹಾರವನ್ನು ಅರೆಯುತ್ತದೆ. ಈ ಡೈನೊಸಾರ್‌ಗಳಲ್ಲೂ ಅದೇ ವ್ಯವಸ್ಥೆ ಇತ್ತು.

ಈ ಗುಂಪಿನ ಅತಿ ದೊಡ್ಡ ಪ್ರಾಣಿ ಡೈನೊಕೈರಸ್. 1965ರಲ್ಲಿ ಪೋಲೆಂಡ್–ಮಂಗೋಲಿಯ ಜಂಟಿ ತಂಡದ ಜೊಫಿಯಾ ಕಿಯೆಲನ್-ಯಾವೊರೊವ್ಸ್ಕಾ ಅವರಿಗೆ ಸಿಕ್ಕಿದ್ದು 2.4 ಮೀಟರ್ ಉದ್ದದ ಒಂದು ಜೊತೆ ತೋಳು ಮತ್ತು ಕೆಲವು ಚೂರುಗಳು. ಅಷ್ಟು ಭಾರಿ ತೋಳಿರುವ ಪ್ರಾಣಿ ಭಯಂಕರ ಬೇಟೆಗಾರನೇ ಇರಬೇಕೆಂದು ಅನೇಕರು ಊಹಿಸಿದರು. ಅರ್ಧ ಶತಮಾನದ ನಂತರ, 2014ರಲ್ಲಿ, ದಕ್ಷಿಣ ಕೊರಿಯಾದ ಲೀ ಯಾಂಗ್-ನಾಮ್ ಮತ್ತು ಸಂಗಡಿಗರು ಇನ್ನೆರಡು ಅಸ್ಥಿಪಂಜರಗಳನ್ನು ವರ್ಣಿಸಿದಾಗ ಪೂರ್ಣ ರೂಪ ತಿಳಿಯಿತು. ಸುಮಾರು 11 ಮೀಟರ್ ಉದ್ದ, 6 ಟನ್ನಿಗೂ ಹೆಚ್ಚು ತೂಕ, ಬಾತುಕೋಳಿಯಂತೆ ಅಗಲವಾದ ಹಲ್ಲಿಲ್ಲದ ಮೂತಿ, ಬೆನ್ನ ಮೇಲೆ ಎತ್ತರದ ಏಣು. ಹೊಟ್ಟೆಯ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಹರಳುಕಲ್ಲುಗಳು, ಅವುಗಳ ಜೊತೆ ಮೀನಿನ ಅವಶೇಷ. ನೀರಿನಂಚಿನ ಸಸ್ಯಗಳನ್ನೂ ಮೀನನ್ನೂ ತಿನ್ನುತ್ತಿದ್ದ ಮಿಶ್ರಾಹಾರಿ ಅದಾಗಿತ್ತು.

ಒವಿರ್ಯಾಪ್ಟೊರೊಸಾರ್‌ಗಳು: ಅಪವಾದ ಹೊತ್ತ ಗುಂಪು

ಮೂರನೆಯ ಗುಂಪು ಒವಿರ್ಯಾಪ್ಟೊರೊಸಾರ್. 1923ರಲ್ಲಿ ಅಮೆರಿಕದ ತಂಡಕ್ಕೆ ಮಂಗೋಲಿಯದಲ್ಲಿ ಮೊಟ್ಟೆಗಳ ಗೂಡಿನ ಬಳಿ ಒಂದು ಅಸ್ಥಿಪಂಜರ ಸಿಕ್ಕಿತು. ಮೊಟ್ಟೆಗಳು ಬೇರೊಂದು ಡೈನೊಸಾರಿನವು, ಈ ಪ್ರಾಣಿ ಕದಿಯಲು ಬಂದು ಸತ್ತಿದೆ ಎಂದುಕೊಂಡು ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ 1924ರಲ್ಲಿ ಮೊಟ್ಟೆಗಳ್ಳ ಎಂಬರ್ಥದ ಒವಿರ್ಯಾಪ್ಟರ್ ಎಂಬ ಹೆಸರಿಟ್ಟರು. 1993ರಲ್ಲಿ ಅದೇ ಬಗೆಯ ಮೊಟ್ಟೆಯೊಳಗೆ ಒವಿರ್ಯಾಪ್ಟೊರೊಸಾರಿನ ಭ್ರೂಣವೇ ಸಿಕ್ಕಿತು. ಅದು ತನ್ನದೇ ಗೂಡಿನ ಬಳಿ ಸತ್ತ ಪ್ರಾಣಿಯಾಗಿತ್ತು.

ಈ ಗುಂಪಿನ ಆರಂಭದ ಪ್ರಾಣಿಗಳಲ್ಲಿ ಆಹಾರದ ದಿಕ್ಕು ಚೆನ್ನಾಗಿ ಕಾಣುತ್ತದೆ. ಚೀನಾದ ಇನ್ಸಿಸಿವೊಸಾರಸ್ 2002ರಲ್ಲಿ ವರ್ಣಿತವಾಯಿತು. ಅದರ ಮುಂದಿನ ಎರಡು ಹಲ್ಲುಗಳು ಇಲಿಯ ಬಾಚಿಹಲ್ಲಿನಂತೆ ದೊಡ್ಡವು, ತಿಂದು ತಿಂದು ಸವೆದವು. 1998ರಲ್ಲಿ ವರ್ಣಿತವಾದ ಕಾಡಿಪ್ಟೆರಿಕ್ಸ್‌ನ ಹೊಟ್ಟೆಯಲ್ಲಿ ಅರೆಯುವ ಕಲ್ಲುಗಳಿದ್ದವು. ಕೊನೆಯ ಪ್ರಭೇದಗಳು ಪೂರ್ತಿ ಹಲ್ಲಿಲ್ಲದವು. ಅವುಗಳ ಗಿಡ್ಡ, ಬಲವಾದ ದವಡೆ ಗಟ್ಟಿ ಕಾಯಿಗಳನ್ನೋ ಚಿಪ್ಪುಗಳನ್ನೋ ಒಡೆಯಬಲ್ಲಂತಿತ್ತು. ಮೊದಲು ಸಿಕ್ಕ ಒವಿರ್ಯಾಪ್ಟರಿನ ದೇಹದೊಳಗೆ ಹಲ್ಲಿಯ ಮೂಳೆಗಳೂ ಇದ್ದವು. ಇಡೀ ಗುಂಪಿಗೆ ಒಂದೇ ಆಹಾರ ಇತ್ತೆಂದು ಹೇಳಲಾಗದು. 2007ರಲ್ಲಿ ವರ್ಣಿತವಾದ ಜೈಗ್ಯಾಂಟೊರ್ಯಾಪ್ಟರ್ ಸುಮಾರು 8 ಮೀಟರ್ ಉದ್ದದ್ದು. ಅದರ ಸಂಬಂಧಿಗಳಲ್ಲಿ ಹಲವು ಅದರೆದುರು ಪುಟ್ಟ ಪ್ರಾಣಿಗಳು.

ಟ್ರೂಡಾಂಟಿಡ್‌ಗಳು ಮತ್ತು ಕಲ್ಲಮೇಡಿನ ಹಲ್ಲು

ಹಕ್ಕಿಗಳಿಗೆ ಅತಿ ಹತ್ತಿರದ ಶಾಖೆಗಳಲ್ಲಿ ಒಂದು ಟ್ರೂಡಾಂಟಿಡ್. ದೊಡ್ಡ ಮಿದುಳು, ಮುಂದಕ್ಕೆ ನೋಡುವ ದೊಡ್ಡ ಕಣ್ಣು, ನೀಳ ಕಾಲಿನ ಈ ಸಣ್ಣ ಪ್ರಾಣಿಗಳ ಆಹಾರ ಇಂದಿಗೂ ಚರ್ಚೆಯ ವಿಷಯ. ಇವುಗಳ ಹಲ್ಲಿನ ಅಂಚಿನ ಮೊನಚುಗಳು ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ತುಂಬ ದೊಡ್ಡವು, ತುದಿಯ ಕಡೆಗೆ ಕೊಕ್ಕೆಯಂತೆ ಬಾಗಿದವು. ಇಂಥ ಮೊನಚುಗಳು ಸೊಪ್ಪು ತಿನ್ನುವ ಇಂದಿನ ಹಲ್ಲಿಗಳ ಹಲ್ಲನ್ನು ಹೋಲುತ್ತವೆ ಎಂದು ಥಾಮಸ್ ಹೋಲ್ಟ್ಸ್ ಮತ್ತು ಸಂಗಡಿಗರು 1998ರಲ್ಲಿ ಅಳೆದು ತೋರಿಸಿದರು. ಹಲ್ಲಿನ ಮೇಲಿನ ಸೂಕ್ಷ್ಮ ಗೀರುಗಳನ್ನು ಪರೀಕ್ಷಿಸಿದ 2018ರ ಅಧ್ಯಯನ ಇವು ಮೆತ್ತಗಿನ ಬೇಟೆಗೆ ಹೊಂದುತ್ತಿದ್ದವೆಂದು ಹೇಳಿತು. ಹಲ್ಲಿನ ರಾಸಾಯನಿಕ ಗುರುತುಗಳನ್ನು ಅಳೆದ ಈಚಿನ ಕೆಲಸ ಮಿಶ್ರಾಹಾರದ ಕಡೆ ಬೆರಳು ಮಾಡಿದೆ.

ಟ್ರೂಡಾಂಟಿಡ್‌ಗಳು ಏಷ್ಯಾ, ಯುರೋಪು, ಉತ್ತರ ಅಮೆರಿಕಗಳಿಗೆ ಸೀಮಿತವೆಂಬುದು ಬಹುಕಾಲದ ನಂಬಿಕೆ. ಅಂಜಲಿ ಗೋಸ್ವಾಮಿ, ಜಿ. ವಿ. ಆರ್. ಪ್ರಸಾದ್ ಮತ್ತು ಸಂಗಡಿಗರು ಅರಿಯಲೂರು ಜಿಲ್ಲೆಯ ಕಲ್ಲಮೇಡಿನ ಪದರಗಳಲ್ಲಿ ದೊರೆತ ಒಂದು ಪುಟ್ಟ ಹಲ್ಲನ್ನು 2013ರಲ್ಲಿ ವರ್ಣಿಸಿದರು. ದೊಡ್ಡದಾದ, ಕೊಕ್ಕೆಯಂಥ ಮೊನಚುಗಳ ಆ ಹಲ್ಲು ಟ್ರೂಡಾಂಟಿಡ್‌ನದು ಎಂಬುದು ಅವರ ನಿರ್ಣಯ. ದಕ್ಷಿಣದ ಭೂಖಂಡಗಳಿಂದ ಈ ಗುಂಪಿನ ಮೊದಲ ವರದಿ ಅದು. ಕ್ರಿಟೇಷಿಯಸ್ ಯುಗದ ಕೊನೆಗೆ ಭಾರತ ದಕ್ಷಿಣದ ಭೂಖಂಡಗಳ ಕೂಟದಿಂದ ಬೇರ್ಪಟ್ಟು ಉತ್ತರಕ್ಕೆ ಸರಿಯುತ್ತಿತ್ತು. ಉತ್ತರದ ಪ್ರಾಣಿ ಇಲ್ಲಿ ಸಿಗಲು ಕಾರಣ ಆ ಗುಂಪು ಜುರಾಸಿಕ್ ಕಾಲದಲ್ಲಿ, ಭೂಖಂಡಗಳು ಪೂರ್ತಿ ಒಡೆಯುವ ಮೊದಲೇ, ಎಲ್ಲೆಡೆ ಹರಡಿರಬೇಕು ಎಂಬುದು ಅವರ ವಿವರಣೆ. ಒಂದೇ ಹಲ್ಲಿನ ಮೇಲೆ ಪ್ರಾಣಿಯ ಆಹಾರವನ್ನು ನಿರ್ಧರಿಸುವುದು ಸರಿಯಲ್ಲ. ಆದರೆ ಸೊಪ್ಪು, ಹುಳ, ಸಣ್ಣ ಬೇಟೆ ಎಲ್ಲವನ್ನೂ ತಿನ್ನಬಲ್ಲ ಕುಲವೊಂದರ ಪ್ರತಿನಿಧಿ ದಕ್ಷಿಣ ಭಾರತದಲ್ಲಿ ಓಡಾಡಿತ್ತೆಂಬ ಸಾಧ್ಯತೆ ಇದರಿಂದ ತೆರೆದುಕೊಂಡಿದೆ.

ಕಲ್ಲಮೇಡು ವಿಜ್ಞಾನಿಗಳಿಗೆ ಹೊಸ ಊರಲ್ಲ. ಮದರಾಸು ಪ್ರಾಂತದ ದಕ್ಷಿಣ ಆರ್ಕಾಟ್ ಮತ್ತು ತಿರುಚಿರಾಪಳ್ಳಿ ಜಿಲ್ಲೆಗಳ ಕ್ರಿಟೇಷಿಯಸ್ ಶಿಲೆಗಳ ವಿವರವನ್ನು ಹೆನ್ರಿ ಬ್ಲಾನ್‌ಫರ್ಡ್ 1862ರಲ್ಲಿ ಭಾರತೀಯ ಭೂವಿಜ್ಞಾನ ಸಮೀಕ್ಷೆಯ ಪರವಾಗಿ ಪ್ರಕಟಿಸಿದರು. ಚಾರ್ಲ್ಸ್ ಮ್ಯಾಟ್ಲಿ 1929ರಲ್ಲಿ ಈ ಸೀಮೆಯ ಡೈನೊಸಾರ್‌ಗಳ ಬಗ್ಗೆ ಬರೆದರು. ಕೆಳಗಿನ ಪದರಗಳು ಸಮುದ್ರದವು, ಅಲ್ಲಿ ಶಂಖ, ಚಿಪ್ಪು, ಅಮೊನೈಟ್‌ಗಳು ಹೇರಳ. ಎಲ್ಲಕ್ಕಿಂತ ಮೇಲಿನ ಕ್ರಿಟೇಷಿಯಸ್ ಪದರವಾದ ಕಲ್ಲಮೇಡು ನದಿ ತಂದು ಹಾಕಿದ ಮರಳು ಮತ್ತು ಜೇಡಿಯದು. ಸಮುದ್ರ ಹಿಂದೆ ಸರಿದು ನೆಲ ಮೇಲೆದ್ದ ಕಾಲದ ದಾಖಲೆ ಅದು. ಪಕ್ಕದ ಪೆರಂಬಲೂರು ಜಿಲ್ಲೆಯ ಸಾತ್ತನೂರಿನಲ್ಲಿ 18 ಮೀಟರ್ ಉದ್ದದ ಮರವೊಂದು ಕಲ್ಲಾಗಿ ಮಲಗಿದೆ. ಅದನ್ನು ಎಂ. ಎಸ್. ಕೃಷ್ಣನ್ 1940ರಲ್ಲಿ ಬೆಳಕಿಗೆ ತಂದರು. ಕ್ರಿಟೇಷಿಯಸ್ ಕಾಲದ ಈ ತೀರದಲ್ಲಿ ದೊಡ್ಡ ಮರಗಳು ಬೆಳೆಯುತ್ತಿದ್ದವು ಎಂಬುದಕ್ಕೆ ಅದು ಸಾಕ್ಷಿ.

ಆಹಾರವನ್ನು ತಪ್ಪಾಗಿ ಓದುವ ಅಪಾಯವನ್ನೂ ಕಲ್ಲಮೇಡು ತೋರಿಸಿದೆ. 1980ರ ದಶಕದ ಕೊನೆಯಲ್ಲಿ ಪಿ. ಯಾದಗಿರಿ ಮತ್ತು ಕೆ. ಅಯ್ಯಸಾಮಿ ಇಲ್ಲಿ ಸಿಕ್ಕ ಭಾರಿ ಮೂಳೆಗಳಿಗೆ ಬೃಹತ್ಕಾಯೊಸಾರಸ್ ಎಂದು ಹೆಸರಿಟ್ಟು ಥೆರೊಪಾಡ್ ಎಂದು ವರ್ಗೀಕರಿಸಿದರು. ಸುಮಾರು 2 ಮೀಟರ್ ಉದ್ದದ ಮೊಣಕಾಲಿನ ಕೆಳಮೂಳೆ ಅದರಲ್ಲಿತ್ತು. ಮುಂದೆ ಅದು ಸಸ್ಯ ತಿನ್ನುವ ಸಾರೊಪಾಡ್ ಎಂಬ ಅಭಿಪ್ರಾಯವೇ ನೆಲೆನಿಂತಿತು. ಮೂಳೆಗಳು ಶಿಥಿಲವಾಗಿ ನಾಶವಾಗಿವೆ, ಉಳಿದಿರುವುದು ಚಿತ್ರಗಳು ಮಾತ್ರ. ಇದೇ ಪದರಗಳಲ್ಲಿ ಮಡಗಾಸ್ಕರಿನ ಸಿಮೋಸೂಕಸ್‌ನ ಹಲ್ಲನ್ನು ಹೋಲುವ ಹಲ್ಲುಗಳೂ ದೊರೆತಿವೆ. ಸಿಮೋಸೂಕಸ್ ಸಸ್ಯಾಹಾರಕ್ಕೆ ತಿರುಗಿದ್ದ ಗಿಡ್ಡ ಮೂತಿಯ ಮೊಸಳೆ. ಮಾಂಸಾಹಾರಿ ವಂಶಗಳು ಸಸ್ಯದ ಕಡೆ ಹೊರಳಿದ್ದು ಡೈನೊಸಾರ್‌ಗಳಲ್ಲಿ ಮಾತ್ರ ನಡೆದ ಸಂಗತಿಯಲ್ಲ ಎಂಬುದಕ್ಕೆ ಅರಿಯಲೂರಿನ ನೆಲದಲ್ಲೇ ಪುರಾವೆ ಇದೆ.

ಒಂದೇ ದಾರಿಯಲ್ಲಿ ಹಲವು ಪಯಣಗಳು

ಇಷ್ಟು ಗುಂಪುಗಳು ಸಸ್ಯದ ಕಡೆ ಹೊರಳಿದ್ದೇಕೆ? ಹೂಬಿಡುವ ಸಸ್ಯಗಳು ಹರಡಿದ್ದೇ ಕಾರಣ ಎನ್ನುವ ಊಹೆ ಪೂರ್ತಿ ಸಾಲದು. ಚೀನಾದ ಲಿಮುಸಾರಸ್ ಹೂಬಿಡುವ ಸಸ್ಯಗಳ ಏಳಿಗೆಗೆ ಬಹಳ ಮೊದಲು, ಸುಮಾರು 16 ಕೋಟಿ ವರ್ಷಗಳ ಹಿಂದೆ ಬದುಕಿತ್ತು. ಸೀಲುರೊಸಾರ್‌ಗಳಿಂದ ದೂರದ ಇನ್ನೊಂದು ಥೆರೊಪಾಡ್ ಶಾಖೆ ಅದರದು. ಅದರ ಮರಿಗಳಿಗೆ ಹಲ್ಲಿತ್ತು, ಬೆಳೆದಂತೆ ಹಲ್ಲು ಉದುರಿ ಕೊಕ್ಕು ಮೂಡುತ್ತಿತ್ತು ಎಂದು 19 ಮಾದರಿಗಳನ್ನು ಹೋಲಿಸಿದ 2016ರ ಅಧ್ಯಯನ ತೋರಿಸಿತು. ಮರಿಯಾಗಿದ್ದಾಗ ಒಂದು ಬಗೆಯ ಆಹಾರ, ಬೆಳೆದ ಮೇಲೆ ಸಸ್ಯಾಹಾರ. ವಂಶದ ಮಟ್ಟದಲ್ಲಿ ಕೋಟ್ಯಂತರ ವರ್ಷಗಳಲ್ಲಿ ಆದ ಬದಲಾವಣೆ ಇಲ್ಲಿ ಒಂದು ಜೀವದ ಆಯುಷ್ಯದೊಳಗೇ ಕಾಣುತ್ತದೆ.

ಸಸ್ಯಾಹಾರ ದೇಹವನ್ನು ದೊಡ್ಡದು ಮಾಡುತ್ತದೆ ಎಂಬುದು ಇನ್ನೊಂದು ಸಾಮಾನ್ಯ ನಿರೀಕ್ಷೆ. ದೊಡ್ಡ ಹೊಟ್ಟೆಯಲ್ಲಿ ನಾರು ಹೆಚ್ಚು ಹೊತ್ತು ಉಳಿಯುತ್ತದೆ, ಹುದುಗಲು ಅವಕಾಶವಾಗುತ್ತದೆ ಎಂಬುದು ಅದರ ತರ್ಕ. ಝಾನೊ ಮತ್ತು ಮಕೋವಿಕಿ 2013ರಲ್ಲಿ ಸಸ್ಯಾಹಾರಿ ಥೆರೊಪಾಡ್‌ಗಳ ತೂಕವನ್ನು ಲೆಕ್ಕಹಾಕಿ ನೋಡಿದಾಗ ಅಂಥ ಏಕಮುಖ ಏರಿಕೆ ಕಾಣಲಿಲ್ಲ. ದೊಡ್ಡವೂ ಸಣ್ಣವೂ ಒಂದೇ ಕಾಲದಲ್ಲಿ ಬದುಕಿದ್ದವು. ಡೈನೊಸಾರ್‌ಗಳ ಸಸ್ಯಾಹಾರದ ವಿಧಾನಗಳನ್ನು ಹೋಲಿಸಿದ 2020ರ ಅಧ್ಯಯನವೊಂದು ಎರಡು ಮುಖ್ಯ ದಾರಿಗಳನ್ನು ಗುರುತಿಸಿತು. ಬಲವಾದ ದವಡೆಯಲ್ಲಿ ಬಾಯೊಳಗೇ ನುರಿಸುವುದು ಒಂದು. ಬಾಯಿಯ ಕೆಲಸ ಕಡಿಮೆ ಮಾಡಿ ಜಠರಕ್ಕೂ ಕರುಳಿಗೂ ಒಪ್ಪಿಸುವುದು ಇನ್ನೊಂದು. ಥೆರಿಝಿನೊಸಾರ್, ಆರ್ನಿಥೊಮೈಮೊಸಾರ್‌ಗಳು ಹಿಡಿದದ್ದು ಎರಡನೆಯ ದಾರಿ.

ಹಕ್ಕಿಗಳವರೆಗೆ

ಇದೇ ದಾರಿಯನ್ನು ಆರಂಭದ ಹಕ್ಕಿಗಳೂ ಹಿಡಿದವು. ಸುಮಾರು 12 ಕೋಟಿ ವರ್ಷಗಳ ಹಿಂದಿನ ಜೆಹೊಲೋರ್ನಿಸ್ ಎಂಬ ಚೀನಾದ ಹಕ್ಕಿಯ ಹೊಟ್ಟೆಯಲ್ಲಿ 50ಕ್ಕೂ ಹೆಚ್ಚು ಬೀಜಗಳಿದ್ದುದನ್ನು 2002ರಲ್ಲಿ ಚೌ ಝೊಂಗ್‌ಹೆ ಮತ್ತು ಚಾಂಗ್ ಫುಚೆಂಗ್ ವರದಿ ಮಾಡಿದರು. ಆ ಬೀಜಗಳು ಒಡೆಯದೆ ಇಡಿಯಾಗಿ ಉಳಿದಿರುವುದನ್ನು ಗಮನಿಸಿದ 2022ರ ಅಧ್ಯಯನ ಅದು ಹಣ್ಣು ತಿನ್ನುತ್ತಿತ್ತೆಂದು ತೀರ್ಮಾನಿಸಿತು. ಹಣ್ಣು ತಿಂದು ಬೀಜ ಹರಡುವ ಹಕ್ಕಿ–ಗಿಡಗಳ ಸಂಬಂಧ ಅಷ್ಟು ಹಳೆಯದು.

6.6 ಕೋಟಿ ವರ್ಷಗಳ ಹಿಂದೆ ಭಾರಿ ಉಲ್ಕೆಯೊಂದು ಅಪ್ಪಳಿಸಿ ಡೈನೊಸಾರ್‌ಗಳು ಅಳಿದಾಗ ಹಕ್ಕಿಗಳಲ್ಲೂ ಹಲವು ಶಾಖೆಗಳು ನಾಶವಾದವು. ಡೆರೆಕ್ ಲಾರ್ಸನ್ ಮತ್ತು ಸಂಗಡಿಗರು ಉತ್ತರ ಅಮೆರಿಕದ, ಕ್ರಿಟೇಷಿಯಸ್ ಯುಗದ ಕೊನೆಯ 1.8 ಕೋಟಿ ವರ್ಷಗಳ ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಹಲ್ಲುಗಳನ್ನು ಅಳೆದು 2016ರಲ್ಲಿ ಫಲಿತಾಂಶ ಕೊಟ್ಟರು. ಹಲ್ಲುಳ್ಳ, ಹಕ್ಕಿಗಳಿಗೆ ಹತ್ತಿರದ ಪ್ರಾಣಿಗಳ ವೈವಿಧ್ಯ ಕೊನೆಯವರೆಗೂ ಕುಗ್ಗಿರಲಿಲ್ಲ, ಅಳಿವು ಥಟ್ಟನೆ ಬಂತು. ಹಲ್ಲಿಲ್ಲದ ಕೊಕ್ಕಿನ ಹಕ್ಕಿಗಳು ಮಾತ್ರ ಉಳಿಯಲು ಕಾರಣವನ್ನು ಅವರು ಬೀಜಾಹಾರದಲ್ಲಿ ಕಂಡರು. ಉಲ್ಕೆಯ ಹೊಡೆತದ ನಂತರ ಕಾಡು ಒಣಗಿ, ಸೊಪ್ಪು ಇಲ್ಲವಾಗಿ, ಬೇಟೆಯೂ ಸಿಗದಾಗ ಮಣ್ಣಿನಲ್ಲಿ ಉಳಿದ ಬೀಜಗಳೇ ಆಹಾರವಾದವು. ಆ ಬೀಜಗಳನ್ನು ಆರಿಸಬಲ್ಲ ಕೊಕ್ಕು, ಅರೆಯಬಲ್ಲ ಜಠರ ಎರಡೂ ಬಹುಕಾಲದಿಂದ ಈ ವಂಶದಲ್ಲಿ ಸಿದ್ಧವಾಗಿದ್ದವು.

ಈ ದೃಷ್ಟಿಯಿಂದ ಕಲ್ಲಮೇಡು ಇಡೀ ಪ್ರಪಂಚಕ್ಕೇ ಮುಖ್ಯವಾದ ಜಾಗ. ಅದು ಡೈನೊಸಾರ್‌ಗಳ ಕೊನೆಯ ಕಾಲದ ಪದರ. ಅದರ ಮೇಲೆಯೇ ಅಳಿವಿನ ನಂತರದ ನಿನಿಯೂರಿನ ಪದರಗಳಿವೆ. ದಕ್ಷಿಣ ಗೋಳಾರ್ಧದ ಸಣ್ಣ ಥೆರೊಪಾಡ್‌ಗಳ ಬಗ್ಗೆ ಸಾಕ್ಷ್ಯ ಕಡಿಮೆ ಇರುವ ಕಾಲಕ್ಕೆ ಇದು ಸೇರಿದೆ. ಇಂಥ ಪುಟ್ಟ ಹಲ್ಲುಗಳು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಜೇಡಿಯನ್ನು ನೀರಿನಲ್ಲಿ ಕರಗಿಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಹುಡುಕಬೇಕು. ಅರಿಯಲೂರಿನ ಸುಣ್ಣಕಲ್ಲು ಸಿಮೆಂಟಿಗೆ ಹೋಗುತ್ತದೆ, ಗಣಿಗಳು ನೆಲದ ಮೇಲ್ಮೈಯನ್ನು ಬದಲಿಸುತ್ತವೆ. ಬೃಹತ್ಕಾಯೊಸಾರಸ್‌ನ ಮೂಳೆಗಳು ಕೈತಪ್ಪಿದ ಮೇಲೆ, ಇಲ್ಲಿ ಸಿಗುವ ಪ್ರತಿಯೊಂದು ಚೂರನ್ನೂ ಸಿಕ್ಕ ಜಾಗದ ವಿವರದೊಡನೆ ಸಂಗ್ರಹಾಲಯಕ್ಕೆ ಸೇರಿಸುವುದು ಕರ್ತವ್ಯವೇ ಆಗಿದೆ. ಇನ್ನಷ್ಟು ಹಲ್ಲುಗಳು ಸಿಕ್ಕು, ಅವುಗಳ ಗೀರು, ಸವೆತ, ರಾಸಾಯನಿಕ ಗುರುತುಗಳನ್ನು ಅಳೆದರೆ ದಕ್ಷಿಣ ಭಾರತದ ಈ ಸಣ್ಣ ಪ್ರಾಣಿಗಳು ಏನು ತಿಂದು ಬದುಕುತ್ತಿದ್ದವು ಎಂಬ ಪ್ರಶ್ನೆಗೆ ಊಹೆಯಿಂದಲ್ಲದೆ ಪುರಾವೆಯಿಂದ ಉತ್ತರ ಕೊಡಬಹುದು.